ಕಲಬುರಗಿ ಬಿಸಿಲಲ್ಲಿ ಮೂರು ಬೇಸಿಗೆ ಕಳೆದ ರೌಟರ್

ಫೈಬರ್ ಇಂಟರ್ನೆಟ್ ಕನೆಕ್ಷನ್ ಜೊತೆ ಪುಕ್ಕಟೆ ಬಂದ ಮೋಡೆಮ್ ಮೊದಲ ಬೇಸಿಗೆಗೇ ಕೈ ಕೊಟ್ಟಿತು. ಮಧ್ಯಾಹ್ನ ಎರಡಾದರೆ ಸಾಕು, ವೈಫೈ ಹೋಗೋದು ಬರೋದು ಶುರು. ಒಂದಿನ ಅದರ ಬೆನ್ನು ಮುಟ್ಟಿ ನೋಡಿದೆ, ರೊಟ್ಟಿ ಹಂಚಿನ ಹಾಗೆ ಕಾದಿತ್ತು. ತಪ್ಪು ನಂದೂ ಇತ್ತು ಅನ್ನಿ. ಪಡುವಣ ಕಿಟಕಿ ಪಕ್ಕ, ಕಬ್ಬಿಣದ ಅಲ್ಮಾರಿ ಮೇಲೆ, ಸೆಟ್‌ಟಾಪ್ ಬಾಕ್ಸಿಗೆ ಒತ್ತಿ ಇಟ್ಟಿದ್ದೆ. ಹೊರಗೆ 43 ಡಿಗ್ರಿ ಇರುವಾಗ ಅದಾದರೂ ಏನು ಮಾಡುತ್ತೆ? ಕಂಪನಿಗೆ ಫೋನ್ ಮಾಡಿದರೆ ರೀಸ್ಟಾರ್ಟ್ ಮಾಡಿ ಅನ್ನೋದು ಬಿಟ್ಟು ಬೇರೆ ಮಾತಿಲ್ಲ.

ದಾರಿ ಹೇಳಿದ್ದು ಫೈಬರ್ ಎಳೆಯೋಕೆ ಕಂಬ ಹತ್ತೋ ಹುಡುಗ. "ಇದಕ್ಕ ಫೈಬರ್ ಕೆಲಸ ಅಷ್ಟೇ ಬಿಡ್ರಿ ಸರ, ವೈಫೈಗೆ ಬ್ಯಾರೆ ರೌಟರ್ ತಗೋರಿ."

ಟಿಪಿ-ಲಿಂಕ್ ಆರ್ಚರ್ ಸಿ6 ತಂದೆ. ಹಳೆ ಡಬ್ಬಿಯನ್ನು ಬ್ರಿಡ್ಜ್ ಮೋಡಿಗೆ, ಅಂದರೆ ಫೈಬರ್‌ನಿಂದ ಬಂದದ್ದನ್ನು ದಾಟಿಸುವ ಕೆಲಸಕ್ಕಷ್ಟೇ ಹಾಕಿಸಿ, ಕನೆಕ್ಷನ್ನಿನ ಲಾಗಿನ್ ಮತ್ತು ಪಾಸ್‌ವರ್ಡ್ ರೌಟರ್‌ನಲ್ಲಿ ಹಾಕಿದೆ. ಅವೆರಡನ್ನೂ ಕನೆಕ್ಷನ್ ಕೊಡುವ ದಿನವೇ ಬರೆಸಿಕೊಳ್ಳಿ, ಆಮೇಲೆ ಕೇಳಿದರೆ ಸುಮ್ನೆ ಅಲೆದಾಡಿಸುತ್ತಾರೆ. ಈಗ ವೈಫೈ ಹೊರೆ ಇಲ್ಲದ್ದಕ್ಕೆ ಆ ಹಳೆಯದೂ ಜಾಸ್ತಿ ಕಾಯುವುದಿಲ್ಲ. ಎರಡನ್ನೂ ಒಳಗೋಡೆಗೆ ತೂಗುಹಾಕಿದ್ದೇನೆ, ಸುತ್ತ ಗಾಳಿ ಆಡಬೇಕು.

ರೌಟರ್ ಡಬ್ಬದ ಮೇಲಿನ 1200 ಎಂಬಿಪಿಎಸ್ ವೇಗ ನಂಬಿ ಕೂರಬೇಡಿ. ವೈಫೈಗೆ ಎರಡು ಬ್ಯಾಂಡ್, 2.4 ಗಿಗಾಹರ್ಟ್ಸ್‌ನ 300, 5 ಗಿಗಾಹರ್ಟ್ಸ್‌ನ 867, ಎರಡನ್ನೂ ಕೂಡಿಸಿ ದುಂಡಾಗಿ ಹೇಳಿದ ಲೆಕ್ಕ ಅದು. ನಿಜವಾಗಿ ನೋಡಬೇಕಾದ್ದು ವೈರ್ ಚುಚ್ಚುವ ಪೋರ್ಟ್. ಇದರಲ್ಲಿ ಗಿಗಾಬಿಟ್, ಅಂದರೆ 1000 ಎಂಬಿಪಿಎಸ್ ಪೋರ್ಟ್ ಇದೆ. ಅಗ್ಗದವುಗಳಲ್ಲಿ 100 ಎಂಬಿಪಿಎಸ್ ಪೋರ್ಟ್ ಇದ್ದರೆ ನೀವು 200ರ ಪ್ಲಾನ್ ಹಾಕಿಸಿದರೂ 100 ದಾಟಲ್ಲ, ದುಡ್ಡು ದಂಡ.

ನಮ್ಮದು ಶಹಾಬಾದ್ ಕಲ್ಲಿನ ಹಳೆ ಮನೆ, ಗೋಡೆ ಒಂದೂವರೆ ಅಡಿ ದಪ್ಪ. 5 ಗಿಗಾಹರ್ಟ್ಸ್ ಪಡಸಾಲೆಯಲ್ಲಿ ಓಡುತ್ತೆ, ಗೋಡೆ ಅಡ್ಡ ಬಂದರೆ ಸುಸ್ತು. 2.4 ನಿಧಾನ, ಆದರೆ ಅಡುಗೆಮನೆಯಲ್ಲಿ ನಮ್ಮವ್ವನ ಧಾರಾವಾಹಿ ನಿಲ್ಲೋದಿಲ್ಲ. ಎಷ್ಟು ಆಂಟೆನಾ ಇದ್ದರೂ ಕಲ್ಲು ಕಲ್ಲೇ, ಅಲ್ವಾ? ಹಿತ್ತಲ ಕೋಣೆಗೆ ಲ್ಯಾನ್ ವೈರ್ ಎಳೆಸಿಬಿಟ್ಟೆ.

ಇನ್ನು ಕರೆಂಟ್. ಬೇಸಿಗೆಯಲ್ಲಿ ಅದು ಯಾವಾಗ ಹೋಗುತ್ತೋ ಗೊತ್ತಿಲ್ಲ. ರೌಟರ್‌ಗೆಂದೇ ಸಿಗುವ ಸಣ್ಣ ಯುಪಿಎಸ್ ಒಂದನ್ನು ಹಾಕಿದ್ದೇನೆ, ರೌಟರಿಗೂ ಹಳೆ ಡಬ್ಬಿಗೂ ಎರಡು ಪಿನ್ ಇರುವಂಥದ್ದು. ನನ್ನವೆರಡೂ 12 ವೋಲ್ಟಿನವು. ಕೆಲವು 9 ವೋಲ್ಟಿನವೂ ಇರುತ್ತವೆ, ಹಾಗಾಗಿ ಅಡಾಪ್ಟರ್ ಮೇಲೆ ಬರೆದದ್ದನ್ನು ಓದಿಯೇ ಕೊಳ್ಳಿ. ಫೈಬರ್ ಕವಲೊಡೆಯುವ ಕಂಬದ ಮೇಲಿನ ಸ್ಪ್ಲಿಟರ್‌ಗೆ ಕರೆಂಟೇ ಬೇಡ, ಹಾಗಾಗಿ ಓಣಿಯೆಲ್ಲ ಕತ್ತಲಾದರೂ ನಮ್ಮಲ್ಲಿ ನೆಟ್ ಇರುತ್ತೆ. ಪಕ್ಕದ ಮನೆ ಹುಡುಗರು ಆಗ ನಮ್ಮ ಕಟ್ಟೆ ಮೇಲೆ ಬಂದು ಕೂರುತ್ತಾರೆ, ಪಾಸ್‌ವರ್ಡ್ ಯಾರು ಹೇಳಿದರೋ ಗೊತ್ತಿಲ್ಲ.

ಒಂದು ಮಾತು ಬಿಟ್ಟಿದ್ದೆ. ಹಳೆ ಡಬ್ಬಿಯಲ್ಲಿ ಎಲ್‌ಒಎಸ್ ಅಂತ ಬರೆದ ಕಡೆ ಕೆಂಪು ದೀಪ ಹತ್ತಿದರೆ ರೌಟರನ್ನು ಬೈಯಬೇಡಿ, ಫೈಬರ್‌ನಲ್ಲಿ ಸಿಗ್ನಲ್ ಬರ್ತಿಲ್ಲ ಅಂತ ಅರ್ಥ, ಸಾಮಾನ್ಯವಾಗಿ ಅದು ಎಲ್ಲೋ ಕಡಿದಿರುತ್ತೆ. ನಮ್ಮ ಓಣಿಯಲ್ಲಿ ಚರಂಡಿ ಅಗೆದಾಗ ಎರಡು ಸಲ ಹಾಗೇ ಆಯಿತು.