ಕುದಿಸಿದರೆ ಸಾಕು ಅಂದುಕೊಂಡು ಆರು ಮೀನು ಕಳೆದುಕೊಂಡೆ

ಮೀನಿನ ಟ್ಯಾಂಕಿಗೆ ಅಲಂಕಾರಕ್ಕೆ ಹೊರಗಿನ ಕಟ್ಟಿಗೆ ಹಾಕುವ ಯೋಚನೆ ಇದ್ದರೆ ದಯವಿಟ್ಟು ಮೊದಲು ಇದನ್ನು ಓದಿ.

ಕಳೆದ ತಿಂಗಳು ವಾಕಿಂಗ್ ಹೋದಾಗ ಮನೆ ಹತ್ತಿರದ ಕೆರೆ ಏರಿಯ ಕೆಳಗೆ ಒಂದು ಬೇರು ಸಿಕ್ಕಿತು. ಮಳೆಗೆ ಉರುಳಿದ ಯಾವುದೋ ಮರದ್ದು. ಜಿಂಕೆ ಕೊಂಬಿನ ಹಾಗೆ ಕವಲೊಡೆದಿತ್ತು. ಅಂಗಡಿಯಲ್ಲಿ ಡ್ರಿಫ್ಟ್‌ವುಡ್‌ಗೆ (ಟ್ಯಾಂಕಿಗೆ ಹಾಕುವ ಕಟ್ಟಿಗೆ) ಜಾಸ್ತಿ ದುಡ್ಡು, ಇಲ್ಲಿ ಸುಮ್ನೆ ಬಿದ್ದಿದೆಯಲ್ಲ ಅಂತ ತಂದೆ. ಉಜ್ಜಿ ತೊಳೆದು, ದೊಡ್ಡ ಪಾತ್ರೆಯಲ್ಲಿ ಎರಡು ಗಂಟೆ ಕುದಿಸಿ, ತೇಲದಿರಲಿ ಅಂತ ಗ್ರಾನೈಟ್ ಚೂರಿಗೆ ಕಟ್ಟಿ 60 ಲೀಟರ್ ಟ್ಯಾಂಕಿಗೆ ಇಳಿಸಿದೆ. ಕುದಿಸಿದರೆ ಆಯ್ತು ಅಂತಲೇ ಎಲ್ಲರೂ ಹೇಳುವುದು ಅಲ್ವಾ?

ಮೂರನೇ ದಿನ ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಯಿತು. ನಾಲ್ಕನೇ ದಿನ ಬೆಳಗಿನ ಜಾವ ಮಗಳು ಬಂದು ಎಬ್ಬಿಸಿದಳು. "ಅಪ್ಪಾ, ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡ್ತಿವೆ." ನಾನು ಹೋಗುವಷ್ಟರಲ್ಲಿ ಆರು ನಿಯಾನ್ ಟೆಟ್ರಾ ತಳದಲ್ಲಿ ಬಿದ್ದಿದ್ದವು. ಗಪ್ಪಿಗಳು, ಸಕ್ಕರ್ ಮೀನು ಹೇಗೋ ಉಳಿದವು.

ಬೇರನ್ನು ಹೊರಗೆ ತೆಗೆದರೆ ಕೊಳೆತ ಮೊಟ್ಟೆಯ ವಾಸನೆ. ಗರಗಸದಿಂದ ಕೊಯ್ದು ನೋಡಿದೆ. ಮೇಲೆ ಗಟ್ಟಿ, ಒಳಗೆ ಒಂದು ಕಡೆ ಇನ್ನೂ ಹಸಿ, ಇನ್ನೊಂದು ಕಡೆ ಕಪ್ಪಗೆ ಮೆತ್ತಗೆ. ಹಸಿ ಮರ ನೀರಲ್ಲಿ ಕೊಳೆಯುತ್ತದೆ. ಕೊಳೆಸುವ ಬ್ಯಾಕ್ಟೀರಿಯಾ ನೀರಿನ ಆಮ್ಲಜನಕವನ್ನು ತಿಂದು ಹಾಕುತ್ತವೆ. ರಾತ್ರಿ ಹೊತ್ತು ಟ್ಯಾಂಕಿನ ಗಿಡಗಳೂ ಆಮ್ಲಜನಕ ತೆಗೆದುಕೊಳ್ಳುವುದರಿಂದ ಬೆಳಗಿನ ಜಾವಕ್ಕೇ ಕಷ್ಟ ಜಾಸ್ತಿ. ಎರಡು ಗಂಟೆ ಕುದಿಸಿದರೆ ಮೇಲಿನ ಹುಳ, ಬೂಸ್ಟು ಸಾಯಬಹುದು. ಹಸಿ ಮರ ಒಣಗಿದ ಮರ ಆಗುವುದಿಲ್ಲ.

ಇನ್ನೊಂದು ಮಾತು. ನಮ್ಮ ಬೆಂಗಳೂರಿನ ಎಷ್ಟೋ ಕೆರೆಗಳಿಗೆ ಚರಂಡಿ ನೀರು ಸೇರುತ್ತದೆ. ಬೆಳ್ಳಂದೂರು, ವರ್ತೂರು ಕೆರೆಗಳ ನೊರೆ ರಸ್ತೆಗೆ ಹಾರಿದ್ದನ್ನು ನಾವೇ ನೋಡಿದ್ದೇವೆ. ಅಂಥ ನೀರು ಕುಡಿದ ಕಟ್ಟಿಗೆಯಿಂದ ಸೋಪು, ರಾಸಾಯನಿಕ ಎಲ್ಲ ಕುದಿಸಿ ತೆಗೆಯಲು ಆಗುವುದಿಲ್ಲ. ಮನೆ ಕಟ್ಟುವ ಜಾಗದ ಮರದ ತುಂಡಂತೂ ಬೇಡವೇ ಬೇಡ. ಅದಕ್ಕೆ ಗೆದ್ದಲಿನ ಔಷಧಿ ಹೊಡೆದಿರಬಹುದು, ಅದು ಮೀನಿಗೆ ವಿಷ. ನೀಲಗಿರಿಯಲ್ಲಿ ಎಣ್ಣೆ, ಪೈನ್‌ನಲ್ಲಿ ಅಂಟು ಇರುತ್ತದೆ. ಅವೂ ಬೇಡ.

ಅಂಗಡಿಯಿಂದ ತಂದ ಕಟ್ಟಿಗೆಯನ್ನೂ ನೇರವಾಗಿ ಹಾಕಬೇಡಿ. ಉಗುರಿನಿಂದ ಒತ್ತಿ ನೋಡಿ, ತಗ್ಗು ಬಿದ್ದರೆ ಒಳಗೆ ಕೊಳೆತಿದೆ. ತೊಗಟೆ ಪೂರ್ತಿ ತೆಗೆಯಿರಿ. ಎರಡು ಮೂರು ವಾರ ಬಕೆಟ್ಟಿನಲ್ಲಿ ನೆನೆಹಾಕಿ, ನೀರು ಬದಲಿಸುತ್ತಿರಿ. ನೀರು ಚಹಾದ ಬಣ್ಣಕ್ಕೆ ತಿರುಗಿದರೆ ಹೆದರಬೇಡಿ. ಅದು ಮರ ಬಿಡುವ ಟ್ಯಾನಿನ್ ಅನ್ನುವ ಒಗರು ಪದಾರ್ಥ, ಮೀನಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ಹೊಸ ಕಟ್ಟಿಗೆ ಮೇಲೆ ಹತ್ತಿಯಂತೆ ಬೆಳ್ಳಗೆ ಬಂದರೂ ಸಾಮಾನ್ಯವಾಗಿ ಅಪಾಯವಿಲ್ಲ, ಕೆಲವು ವಾರದಲ್ಲಿ ತಾನೇ ಹೋಗುತ್ತದೆ. ಕೆಟ್ಟ ವಾಸನೆ ಬಂದರೆ ಮಾತ್ರ ಎಸೆದುಬಿಡಿ. ದುಡ್ಡು ಕೊಟ್ಟಿದ್ದು ಅಂತ ನೋಡಬೇಡಿ.

ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಕಾಯಬೇಡಿ. ಕಟ್ಟಿಗೆ ತೆಗೆಯಿರಿ, ಏರ್ ಪಂಪ್ ಹಾಕಿ, ಅರ್ಧ ನೀರು ಬದಲಿಸಿ. ನಲ್ಲಿಯಲ್ಲಿ ಬರುವ ಕಾವೇರಿ ನೀರಾದರೆ ಅವಸರದಲ್ಲೂ ಕ್ಲೋರಿನ್ ತೆಗೆಯುವ ಆ್ಯಂಟಿ ಕ್ಲೋರಿನ್ ಹನಿ ಮರೆಯಬೇಡಿ. ನನ್ನ ಗಪ್ಪಿಗಳು ಹೀಗೆ ಮಾಡಿದ ಮೇಲೆ ಮಧ್ಯಾಹ್ನದ ಹೊತ್ತಿಗೆ ಕೆಳಗಿಳಿದವು.