ಹಸಿರು ಬಿಲ್ಲೆಗೆ ಮೂರು ಬೆಳಕು

ಮೊದಲ ಸಲ ಮಾಡಿದ ನಿಕಲ್ ಆಕ್ಸೈಡ್ ಬಿಲ್ಲೆ ಕಪ್ಪಾಗಿ ಬಂತು. ಕಲಬುರಗಿಯ ಮೇ ತಿಂಗಳು, ಫರ್ನೇಸ್ ಅರ್ಧ ಕಾಯುವಷ್ಟರಲ್ಲೇ ಕರೆಂಟ್ ಹೋಗಿತ್ತು. ಕಡಿಮೆ ಶಾಖದಲ್ಲಿ ಸುಟ್ಟರೆ ಆಮ್ಲಜನಕ ಲೆಕ್ಕಕ್ಕಿಂತ ಜಾಸ್ತಿ ಉಳಿದು ಪುಡಿ ಕಪ್ಪಾಗುತ್ತದೆ. 1000 ಡಿಗ್ರಿ ದಾಟಿಸಿ ಮತ್ತೆ ಸುಟ್ಟ ಮೇಲೆ ಹಸಿರು ಬಂತು. ಆ ಹಸಿರಿನ ಹಿಂದೆ ಎಲೆಕ್ಟ್ರಾನ್‌ಗಳು ಏನು ಮಾಡುತ್ತಿವೆ ಅಂತ ನೋಡಲು ಮೂರು ದಾರಿ ಹಿಡಿದೆ.

ಮೊದಲನೆಯದು ನಮ್ಮ ಲ್ಯಾಬಿನ ಯುವಿ-ವಿಸ್ ಯಂತ್ರ, ಯಾವ ಬಣ್ಣದ ಬೆಳಕನ್ನು ಮಾದರಿ ಎಷ್ಟು ಹೀರುತ್ತದೆ ಅಂತ ಅಳೆಯುವಂಥದ್ದು. ಅರ್ಧ ಗಂಟೆಯ ಕೆಲಸ, ಪುಡಿ ಸಾಕು. ಸುಮಾರು 710 ನ್ಯಾನೋಮೀಟರ್ ಹತ್ತಿರ ಕೆಂಪು, 430ರ ಹತ್ತಿರ ನೇರಳೆ-ನೀಲಿ ಹೀರಿಕೊಂಡು ಮಧ್ಯದ ಹಸಿರನ್ನು ವಾಪಸ್ ಬಿಡುತ್ತದೆ. ಬಣ್ಣದ ಗುಟ್ಟು ಅಷ್ಟೇ. ಆದರೆ ಗ್ರಾಫ್‌ನಲ್ಲಿ ಆ ಹೀರುವಿಕೆಯ ಉಬ್ಬುಗಳು ತೀರಾ ಸಣ್ಣವು. ನಿಕಲ್‌ನ ಎಲೆಕ್ಟ್ರಾನ್ ಒಂದು ಡಿ ಕಕ್ಷೆಯಿಂದ ಇನ್ನೊಂದು ಡಿ ಕಕ್ಷೆಗೆ ಒಂದೇ ಫೋಟಾನ್ (ಬೆಳಕಿನ ಕಣ) ನುಂಗಿ ಹಾರುವುದಕ್ಕೆ ನಿಯಮದ ಅಡ್ಡಿ ಇದೆ. ಅಣುಜಾಲ ಅಲುಗಾಡಿದಾಗ ಆ ಅಡ್ಡಿ ಸ್ವಲ್ಪ ಸಡಿಲವಾಗುತ್ತದೆ, ಸಿಗುವುದು ಅಷ್ಟೇ. ಇನ್ನೊಂದು ತೊಂದರೆ: ನಮ್ಮ ಯಂತ್ರ 800 ನ್ಯಾನೋಮೀಟರ್‌ಗೆ ನಿಲ್ಲುತ್ತದೆ. ಮೊದಲ ಡಿ-ಡಿ ಹಾರಿಕೆ ಇರುವುದು ಸುಮಾರು 1.1 ಇವಿಯಲ್ಲಿ (ಎಲೆಕ್ಟ್ರಾನ್ ವೋಲ್ಟ್, ಶಕ್ತಿಯ ಅಳತೆ), ಅಂದರೆ 1100ರ ಆಚೆ. ಅದು ನಮಗೆ ಕಾಣಲೇ ಇಲ್ಲ.

ಎರಡನೆಯದು ರಿಕ್ಸ್ (ಅನುರಣನದ ಎಕ್ಸ್-ರೇ ಚದುರುವಿಕೆ), ನಿಕಲ್‌ನ ಎಲ್3 ಅಂಚಿನಲ್ಲಿ. ಅಂಚು ಅಂದರೆ ಒಳಗಿನ ಒಂದು ಪದರದ ಎಲೆಕ್ಟ್ರಾನನ್ನು ಮೇಲೆ ಏರಿಸಲು ಸರಿಯಾಗಿ ಬೇಕಾಗುವ ಎಕ್ಸ್-ರೇ ಶಕ್ತಿ. ಸುಮಾರು 853 ಇವಿಯ ಮೃದು ಎಕ್ಸ್-ರೇ ಬಿಟ್ಟು, ಚದುರಿ ಬಂದದ್ದರ ಶಕ್ತಿ ಅಳೆಯುವುದು. ನಮ್ಮ ಊರಿನ ಲೆಕ್ಕದಲ್ಲಿ ಹೇಳುತ್ತೇನೆ. ಆಳಂದ ಬಸ್ಸಿನಲ್ಲಿ ನೋಟು ಕೊಟ್ಟಿರಿ, ಚಿಲ್ಲರೆ ಬಂತು. ಕಳೆದರೆ ಟಿಕೆಟ್ ದರ ಗೊತ್ತಾಗುತ್ತದೆ, ಅಲ್ವಾ? ಇಲ್ಲಿ ಟಿಕೆಟ್ ದರವೇ ಎಲೆಕ್ಟ್ರಾನ್ ಹಾರಿದ ಶಕ್ತಿ. ಎಕ್ಸ್-ರೇ ಮೊದಲು ಒಳಗಿನ 2ಪಿ ಕಕ್ಷೆಯ ಎಲೆಕ್ಟ್ರಾನನ್ನು 3ಡಿಗೆ (ಮೇಲೆ ಹೇಳಿದ ಡಿ ಕಕ್ಷೆಗೆ) ಏರಿಸುತ್ತದೆ, ಆಮೇಲೆ ಬೇರೊಂದು 3ಡಿ ಎಲೆಕ್ಟ್ರಾನ್ ಕೆಳಗಿಳಿದು ಆ ಜಾಗ ತುಂಬುತ್ತದೆ. ಎರಡೂ ಹೆಜ್ಜೆ ನಿಯಮಕ್ಕೆ ಸರಿ, ಹಾಗಾಗಿ ಡಿ-ಡಿ ಹಾರಿಕೆ ರಾಜಾರೋಷವಾಗಿ ಕಾಣುತ್ತದೆ. 1.1, 1.7, ಮತ್ತೆ 3 ಇವಿ ಹತ್ತಿರದ್ದು. ಪರದೆ ಮೇಲೆ 1.1 ಎದ್ದು ನಿಂತದ್ದು ನೋಡಿ ಬಿಲ್ಲೆಗೆ ಕೈ ಮುಗಿಯೋಣ ಅನ್ನಿಸಿತು.

ಮೋಸ ಹೋದದ್ದೂ ಅಲ್ಲೇ. ವಿದೇಶದ ಒಂದು ಸಿಂಕ್ರೊಟ್ರಾನ್ (ಇಂಥ ಎಕ್ಸ್-ರೇ ಕೊಡುವ ದೊಡ್ಡ ಯಂತ್ರ), ರಾತ್ರಿ ಪಾಳಿ, ಖಡಕ್ ರೊಟ್ಟಿ ಶೇಂಗಾ ಹಿಂಡಿ ತಿಂದು ಕೂತಿದ್ದೆ. ಹೊಸದೊಂದು ಶಿಖರ ಸಿಕ್ಕಿತು ಅಂತ ಬೀಗಿದೆ. ಪಕ್ಕದವರು ಒಳಬರುವ ಶಕ್ತಿ ಸ್ವಲ್ಪ ಏರಿಸಿ ನೋಡಿ ಅಂದರು. ಏರಿಸಿದರೆ ನನ್ನ ಶಿಖರವೂ ಅಷ್ಟೇ ಜರುಗಿತು. ಅದು ಬರೀ ಫ್ಲೋರೆಸೆನ್ಸ್, ಒಳಬಂದ ಶಕ್ತಿ ಎಷ್ಟಿದ್ದರೂ ಒಂದೇ ಶಕ್ತಿಯಲ್ಲಿ ಹೊರಬರುವ ಹೊಳಪು! ಎಷ್ಟು ದೊಡ್ಡ ನೋಟು ಕೊಟ್ಟರೂ ಅಷ್ಟೇ ಚಿಲ್ಲರೆ ಕೊಡುವ ಕಂಡಕ್ಟರ್ ಇದ್ದ ಹಾಗೆ. ನಿಜವಾದ ಹಾರಿಕೆಗೆ ದರ ಒಂದೇ, ನೋಟು ಬದಲಾದರೂ ಜರುಗುವುದಿಲ್ಲ. ಮೊದಲ ರಾತ್ರಿಯೇ ಈ ಪರೀಕ್ಷೆ ಮಾಡಬೇಕಿತ್ತು. ಮೂರು ಗಂಟೆ ಸುಮ್ನೆ ಹೋಯಿತು.

ಎಲ್ ಅಂಚಿಗೆ ಕಷ್ಟಗಳೂ ಇವೆ. ನಿರ್ವಾತ ಬೇಕು. ಮೃದು ಎಕ್ಸ್-ರೇ ಆಳಕ್ಕೆ ಹೋಗುವುದಿಲ್ಲ, ಮೇಲ್ಮೈ ಕೆಟ್ಟಿದ್ದರೆ ಕೆಟ್ಟದ್ದೇ ಕಾಣುತ್ತದೆ. 853ರಲ್ಲಿ ಕೆಲವು ಪೈಸೆಯ ಚಿಲ್ಲರೆ ಎಣಿಸಬೇಕಲ್ಲ, ಅದಕ್ಕೆ ಹತ್ತು ಮೀಟರ್‌ಗಿಂತ ಉದ್ದದ ಸ್ಪೆಕ್ಟ್ರೋಮೀಟರ್ ತೋಳು ಕಟ್ಟುತ್ತಾರೆ. ಫ್ರಾನ್ಸ್‌ನ ಗ್ರೆನೋಬಲ್‌ನಲ್ಲಿರುವ ಇಎಸ್‌ಆರ್‌ಎಫ್ ಸಿಂಕ್ರೊಟ್ರಾನ್‌ನಲ್ಲಿ ತಾಮ್ರದ ಅಂಚಿನಲ್ಲಿ ಸುಮಾರು 0.03 ಇವಿಯಷ್ಟು ಸಣ್ಣ ವ್ಯತ್ಯಾಸವನ್ನೂ ಬಿಡಿಸಿ ನೋಡುತ್ತಾರೆ.

ಮೂರನೆಯದೂ ರಿಕ್ಸೇ, ಆದರೆ ಕೆ ಅಂಚಿನಲ್ಲಿ, 8333 ಇವಿ, ಗಡಸು ಎಕ್ಸ್-ರೇ. ನನಗೆ ಇದು ಅಷ್ಟು ಹಿಡಿಸಲಿಲ್ಲ. ಇಲ್ಲಿ ತೀರಾ ಒಳಗಿನ 1ಎಸ್ ಎಲೆಕ್ಟ್ರಾನ್ ಮುಖ್ಯವಾಗಿ ಹೊರಗಿನ 4ಪಿ ಕಕ್ಷೆಗೆ ಹೋಗುತ್ತದೆ. 3ಡಿ ಎಲೆಕ್ಟ್ರಾನ್‌ಗಳಿಗೆ ಪಕ್ಕದ ಮನೆ ಗಲಾಟೆಯ ಸದ್ದು ಮಾತ್ರ. ಹಾಗಾಗಿ ಡಿ-ಡಿ ಮಂಕು. ಆಮ್ಲಜನಕದಿಂದ ನಿಕಲ್‌ಗೆ ಎಲೆಕ್ಟ್ರಾನ್ ದಾಟುವುದು ಮಾತ್ರ 5 ಇವಿ ಆಸುಪಾಸಿನಲ್ಲಿ ಚೆನ್ನಾಗಿ ಕಂಡಿತು. 1996ರಲ್ಲಿ ಈ ದಾರಿಯ ಶುರುವಿನ ಪ್ರಯೋಗಗಳಲ್ಲೊಂದು ನಡೆದದ್ದೂ ನಿಕಲ್ ಆಕ್ಸೈಡ್ ಮೇಲೆಯೇ.

ಒಂದು ವಿಷಯದಲ್ಲಿ ಕೆ ಅಂಚಿನದೇ ಮೇಲುಗೈ: ಸಂವೇಗ. ಬಿಲ್ಲೆ ಬಿಟ್ಟು ಸಣ್ಣ ಹರಳಿನ ಚೂರು ಇಟ್ಟು, ಕೋನ ಬದಲಿಸುತ್ತಾ ಹೋದರೆ, ಹಾರಿಕೆ ಹರಳಿನೊಳಗೆ ಹೇಗೆ ಓಡಾಡುತ್ತದೆ ಅಂತ ನೋಡಬಹುದು. ದೀಪದ ಬೆಳಕಿಗೆ ಸಂವೇಗ ಸೊನ್ನೆ ಅಂದರೂ ನಡೆಯುತ್ತದೆ. ಎಲ್ ಅಂಚಿನಲ್ಲಿ ಒಂದು ಆಂಗ್‌ಸ್ಟ್ರಾಮ್‌ಗೆ (ನ್ಯಾನೋಮೀಟರ್‌ನ ಹತ್ತನೇ ಒಂದು ಭಾಗಕ್ಕೆ) ಹೆಚ್ಚೆಂದರೆ 0.86, ಬ್ರಿಲ್ಲೌನ್ ವಲಯದ, ಅಂದರೆ ಹರಳಿನೊಳಗಿನ ಸಂವೇಗಗಳ ನಕ್ಷೆಯ, ಗಡಿಯನ್ನೂ ಮುಟ್ಟುವುದಿಲ್ಲ. ಕೆ ಅಂಚಿನಲ್ಲಿ ಅದರ ಹತ್ತು ಪಟ್ಟು ಸಿಗುತ್ತದೆ. ಒತ್ತಡದ ಕೋಶದೊಳಗಿನ ಮಾದರಿಗೂ ಗಡಸು ಎಕ್ಸ್-ರೇಯೇ ಸರಿ, ಮೃದುವಾದದ್ದು ಒಳಗೇ ಹೋಗುವುದಿಲ್ಲ.

ಬೀಮ್‌ಟೈಮ್‌ಗೆ (ಸಿಂಕ್ರೊಟ್ರಾನ್‌ನಲ್ಲಿ ನಮಗೆ ಸಿಗುವ ಪ್ರಯೋಗದ ಸಮಯಕ್ಕೆ) ನಾವು ದುಡ್ಡು ಕೊಡಲಿಲ್ಲ, ಆದರೆ ಒಂದು ಪ್ರಸ್ತಾವ ತಿರಸ್ಕೃತವಾಗಿ ಇನ್ನೊಂದು ಬರೆಯುವಷ್ಟರಲ್ಲಿ ಎರಡು ತೊಗರಿ ಸುಗ್ಗಿ ಮುಗಿದಿತ್ತು. ಅದಕ್ಕೇ ಜೂನಿಯರ್ ಹುಡುಗಿ ಕೋಬಾಲ್ಟ್ ಆಕ್ಸೈಡ್ ಹಿಡಿದು ಬಂದು "ಸರ್, ನೇರ ರಿಕ್ಸ್‌ಗೆ ಅರ್ಜಿ ಹಾಕಲಾ?" ಅಂದಾಗ, ಮೊದಲು ನಮ್ಮ ಯುವಿ-ವಿಸ್‌ನಲ್ಲೇ ನೋಡು ಅಂದೆ. ಡಿ-ಡಿಯೇ ಬೇಕು ಅನ್ನಿಸಿದರೆ ಎಲ್ ಅಂಚಿಗೆ ಬರಿ, ಕೆ ಅಂಚು ಸದ್ಯಕ್ಕೆ ಬೇಡ. ಅವಳ ಬಿಲ್ಲೆ ಈಗ ಫರ್ನೇಸಿನಲ್ಲಿದೆ. ಈ ಸಲ ಇನ್ವರ್ಟರ್ ಹಾಕಿಸಿದ್ದೇವೆ.