.30-06 ರೈಫಲ್, ಕೈಯಲ್ಲೇ ತುಂಬಿದ ತೋಟಾ: ಕೊಲೊರಾಡೊದಲ್ಲಿ ಹನ್ನೊಂದು ಸೀಸನ್ ಬಳಸಿದ ಮೇಲೆ

ಬಳಸಿದ್ದು: ವಿಂಚೆಸ್ಟರ್ ಮಾಡೆಲ್ 70 ಬೋಲ್ಟ್ ಆ್ಯಕ್ಷನ್ ರೈಫಲ್, ಆರ್‌ಸಿಬಿಎಸ್ ರಾಕ್ ಚಕರ್ ರೀಲೋಡಿಂಗ್ ಪ್ರೆಸ್ (ಹಾರಿಸಿದ ತೋಟಾದ ಕೇಸನ್ನು ಮತ್ತೆ ತುಂಬುವ ಕೈಯಂತ್ರ)
ಅವಧಿ: 2014ರಿಂದ 2024
ಕೈಯಲ್ಲಿ ತುಂಬಿ ಹಾರಿಸಿದ್ದು: ಸುಮಾರು 2,600 ತೋಟಾ

ಡೆನ್ವರ್ ಸುತ್ತಮುತ್ತ ಈಚೆಗೆ ಎಲ್ಕ್ (ಇಲ್ಲಿನ ದೊಡ್ಡ ಜಿಂಕೆ) ಬೇಟೆಗೆ ಹೋಗಲು ಶುರು ಮಾಡಿರುವ ನಮ್ಮ ಕನ್ನಡದ ಹುಡುಗರು ನನ್ನನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ: "ಅಣ್ಣ, ಯಾವ ಕ್ಯಾಲಿಬರ್ ತಗೊಳ್ಳಲಿ?" ಅಂದರೆ ಎಷ್ಟು ಅಗಲದ ಗುಂಡು, ಯಾವ ತೋಟಾ ಹಾರಿಸುವ ರೈಫಲ್ ಅಂತ. ಫೋನಿನಲ್ಲಿ ಹೇಳಿ ಹೇಳಿ ಅರ್ಧಂಬರ್ಧ ಆಗುತ್ತಿದೆ. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ.

ನಾನು ತೀರ್ಥಹಳ್ಳಿ ಕಡೆಯವನು. ಮನೆಯಲ್ಲಿ ಒಂದು ಕೇಪಿನ ಕೋವಿ ಇತ್ತು, ಈಗಲೂ ಇದೆ. ಅಜ್ಜ ಶಿಕಾರಿಗೆ ಒಯ್ಯುತ್ತಿದ್ದ ಕೋವಿ ಅದು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ನಿಂತಿತು, ಕೋವಿ ಬೆಳೆ ರಕ್ಷಣೆಯ ಲೈಸೆನ್ಸಿನಲ್ಲಿ ಉಳಿಯಿತು. ಪ್ರತಿ ಚುನಾವಣೆಗೂ ಅದನ್ನು ಸ್ಟೇಷನ್ನಿಗೆ ಒಪ್ಪಿಸಿ ರಸೀದಿ ತರುವುದು ಚಿಕ್ಕಪ್ಪನ ಕೆಲಸ. ಒಂದು ಈಡಿಗೆ ಎಷ್ಟು ಮದ್ದು, ಎಷ್ಟು ಚರೆ ಅನ್ನುವುದನ್ನು ಅಳೆದು ಹಾಕುವ ಮನೆಯಲ್ಲಿ ಬೆಳೆದದ್ದರಿಂದಲೋ ಏನೋ, ಅಂಗಡಿಯ ಡಬ್ಬಿ ತೆಗೆದು ತೋಟಾ ತುರುಕುವುದರಲ್ಲಿ ನನಗೆ ಏನೋ ಕೊರತೆ ಅನ್ನಿಸುತ್ತಿತ್ತು. ಆದರೆ ಆ ಕೊರತೆಗಾಗಿ ನಾನು ಪ್ರೆಸ್ ಕೊಳ್ಳಲಿಲ್ಲ. ಕಾರಣ ಬೇರೆ, ಮುಂದೆ ಹೇಳುತ್ತೇನೆ.

ಮೊದಲು ಕ್ಯಾಲಿಬರ್ ವಿಷಯ. ಕೊಲೊರಾಡೊ ಕಾನೂನಿನ ಕನಿಷ್ಠ ಮಿತಿ ಬಹಳ ಕೆಳಗಿದೆ. .24 ಕ್ಯಾಲಿಬರ್, ಅಂದರೆ 6 ಮಿ.ಮೀ.; ಎಲ್ಕ್‌ಗಾದರೆ ಗುಂಡು ಕನಿಷ್ಠ 85 ಗ್ರೇನ್ (ಸುಮಾರು ಐದೂವರೆ ಗ್ರಾಂ) ತೂಗಬೇಕು, ಬಡಿದಾಗ ಅರಳುವ ಜಾತಿಯದಾಗಿರಬೇಕು, 100 ಗಜದಲ್ಲಿ 1,000 ಫುಟ್-ಪೌಂಡ್ ಶಕ್ತಿ ಉಳಿದಿರಬೇಕು. ನಮ್ಮೂರಿನ ದೊಡ್ಡ ಗಂಡು ಕಡವೆಯನ್ನು ಕಂಡವರಿಗೆ ಎಲ್ಕ್‌ನ ಗಾತ್ರ ಹೇಳಿದರೆ ತಕ್ಷಣ ಅಂದಾಜು ಸಿಗುತ್ತದೆ: ಬಲಿತ ಗಂಡು ಎಲ್ಕ್ 300 ಕಿಲೊ ದಾಟುತ್ತದೆ, ಮೂಳೆ ಗಟ್ಟಿ, ಜೀವ ಇನ್ನೂ ಗಟ್ಟಿ. ಕಾನೂನು ಒಪ್ಪಿತು ಅಂದಮಾತ್ರಕ್ಕೆ ಅಷ್ಟರಲ್ಲೇ ಹೋಗುವುದು ನನಗೆ ಸರಿ ಕಾಣಲಿಲ್ಲ.

ಅಂಗಡಿಯವನು ತೋರಿಸಿದ್ದು .300 ವಿಂಚೆಸ್ಟರ್ ಮ್ಯಾಗ್ನಮ್. 1963ರಲ್ಲಿ ಬಂದದ್ದು, ದೂರಕ್ಕೆ ಹೊಡೆಯುವವರ ಮೆಚ್ಚಿನದು. ನನ್ನ ಗೆಳೆಯನೊಬ್ಬ ಅದನ್ನೇ ಕೊಂಡ. ಭುಜಕ್ಕೆ ಬರುವ ಒದೆತ ತಡೆಯಲಾರದೆ, ಕುದುರೆ (ಟ್ರಿಗರ್) ಎಳೆಯುವ ಮೊದಲೇ ಕಣ್ಣು ಮುಚ್ಚುವುದು ಅವನಿಗೆ ಅಭ್ಯಾಸವಾಗಿಬಿಟ್ಟಿತು. ಆ ಅಭ್ಯಾಸ ಬಿಡಿಸಲು ಎರಡು ವರ್ಷ ಬೇಕಾಯಿತು. .270 ವಿಂಚೆಸ್ಟರ್ 1925ರಿಂದಲೂ ಈ ಬೆಟ್ಟಗಳಲ್ಲಿ ಕೆಲಸ ಮಾಡುತ್ತಿರುವ ಒಳ್ಳೆಯ ತೋಟಾ. .308 ಕೂಡ ಅಷ್ಟೆ, ಇನ್ನೂ ಚಿಕ್ಕ ಕೇಸು (ಮದ್ದು ತುಂಬುವ ಹಿತ್ತಾಳೆ ಕವಚ), ಇನ್ನೂ ಮೆತ್ತಗಿನ ಒದೆತ. 2007ರಲ್ಲಿ ಬಂದ 6.5 ಕ್ರೀಡ್‌ಮೂರ್ ಅನ್ನು ಈಗಿನವರು ಇಷ್ಟಪಡುವುದು ಸಹಜ. ಜಿಂಕೆಗೆ ಸೊಗಸು, ಎಲ್ಕ್‌ಗೆ ದೂರ ಮತ್ತು ಕೋನ ನೋಡಿಕೊಂಡು ಹೊಡೆಯುವ ತಾಳ್ಮೆ ಇದ್ದರೆ ಸಾಕಾಗುತ್ತದೆ.

ನಾನು .30-06 ಹಿಡಿದೆ. ಹೆಸರಿನಲ್ಲಿರುವ 06 ಅಂದರೆ 1906, ಅಮೆರಿಕದ ಸೇನೆ ಇದನ್ನು ತೆಗೆದುಕೊಂಡ ವರ್ಷ. 180 ಗ್ರೇನ್ ಗುಂಡನ್ನು ಸೆಕೆಂಡಿಗೆ ಸುಮಾರು 2,700 ಅಡಿ ವೇಗದಲ್ಲಿ ಕಳಿಸುತ್ತದೆ. ನಳಿಗೆಯ ಬಾಯಲ್ಲಿ ಶಕ್ತಿ 2,900 ಫುಟ್-ಪೌಂಡ್ ಆಸುಪಾಸು. 200 ಗಜಕ್ಕೆ ಗುರಿ ಕೂರಿಸಿದರೆ 300 ಗಜದಲ್ಲಿ ಎಂಟು ಇಂಚು ಚಿಲ್ಲರೆ ಇಳಿಯುತ್ತದೆ. ಅದಕ್ಕಿಂತ ದೂರದ ಪ್ರಾಣಿಗೆ ನಾನು ಕುದುರೆ ಎಳೆಯುವುದಿಲ್ಲ, ಹಾಗಾಗಿ ಅದರಾಚೆಯ ಲೆಕ್ಕ ನನಗೆ ಬೇಡ. ಇನ್ನೊಂದು ಲಾಭ ಬೆಟ್ಟದ ಊರಿನಲ್ಲಿ ಗೊತ್ತಾಗುತ್ತದೆ: ಪೆಟ್ರೋಲ್ ಬಂಕ್, ದಿನಸಿ, ಗಾಳದ ಸಾಮಾನು ಎಲ್ಲ ಒಂದೇ ಕಡೆ ಮಾರುವ ಅಂಗಡಿಯಲ್ಲೂ ಒಂದು ಡಬ್ಬಿ .30-06 ಇದ್ದೇ ಇರುತ್ತದೆ. ಒಮ್ಮೆ ನನ್ನ ತೋಟಾದ ಡಬ್ಬಿ ಮನೆಯಲ್ಲೇ ಉಳಿದಾಗ ಆ ಡಬ್ಬಿಯೇ ಸೀಸನ್ ಉಳಿಸಿತು.

ಈಗ ಪ್ರೆಸ್ ಕೊಂಡ ಕಾರಣ. 2014ರ ಅಕ್ಟೋಬರ್, ನನ್ನ ಮೊದಲ ಸೀಸನ್. ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕ 150 ಗ್ರೇನ್ ಗುಂಡು. ಕಂಪನಿಯ ಹೆಸರು ಬೇಡ. ಸ್ಪ್ರೂಸ್ ಮರಗಳ ನಡುವೆ ಅರವತ್ತು ಗಜದಲ್ಲಿ ಹೆಣ್ಣು ಎಲ್ಕ್ ಅಡ್ಡ ನಿಂತಿತ್ತು. ಹೊಡೆದೆ. ಪೆಟ್ಟು ಭುಜದ ಮೂಳೆಗೆ ಬಿತ್ತು. ಬಿದ್ದೀತು ಅಂದುಕೊಂಡದ್ದು ತಿರುಗಿ ಓಡಿತು. ಹಿಮದ ಮೇಲೆ ರಕ್ತ ಮೊದಲು ಅಂಗೈಯಗಲ, ಆಮೇಲೆ ನಾಣ್ಯದಗಲ, ಆಮೇಲೆ ಹನಿ. ಐದು ಗಂಟೆ ಹುಡುಕಿದೆವು. ಕತ್ತಲಾಗುವ ಹೊತ್ತಿಗೆ ಬಿದ್ದ ಮರದ ಹಿಂದೆ ಮಲಗಿದ್ದದ್ದು ಕಂಡಿತು, ಇನ್ನೂ ಉಸಿರಿತ್ತು. ಎರಡನೇ ಗುಂಡಿಗೆ ಮುಗಿಯಿತು. ಕೊಯ್ದು ನೋಡಿದಾಗ ಮೊದಲ ಗುಂಡು ಮೂಳೆಯ ಮೇಲೇ ಸಿಡಿದು ಚೂರಾಗಿತ್ತು, ಪುಪ್ಪುಸ ಮುಟ್ಟಿದ್ದು ಒಂದೆರಡು ಚೂರು ಮಾತ್ರ. ಹತ್ತಿರದ ಹೊಡೆತ, ಹಗುರ ಗುಂಡು, ಹೆಚ್ಚು ವೇಗ, ಮೆತ್ತಗಿನ ಸೀಸ. ಆ ಐದು ಗಂಟೆಯ ಸಂಕಟ ಆ ಪ್ರಾಣಿಗೆ ನಾನು ಕೊಟ್ಟದ್ದು. ಅದನ್ನು ನಾನು ಮರೆತಿಲ್ಲ.

ರಾತ್ರಿ ಚಿಕ್ಕಪ್ಪನಿಗೆ ಫೋನ್ ಮಾಡಿದೆ. "ಕ್ಯಾಲಿಬರ್ ಗಿಲಿಬರ್ ನಂಗೊತ್ತಿಲ್ಲ ಮಾರಾಯ. ಈಡು ನಿಂದಾ, ಅಂಗಡಿಯವಂದಾ? ಒಳಗೆ ಏನ್ ಹಾಕಿದಾರೆ ಅಂತ ಗೊತ್ತಿಲ್ದೆ ಹೆಂಗೋ ಹೊಡೀತೀಯ?" ಅಂದರು.

ಮುಂದಿನ ವಸಂತದಲ್ಲಿ ರಾಕ್ ಚಕರ್ ತಂದೆ. ಎರಕದ ಕಬ್ಬಿಣದ ಸಿಂಗಲ್ ಸ್ಟೇಜ್ ಪ್ರೆಸ್, ಒಂದು ಸಲ ಹಿಡಿ ಎಳೆದರೆ ಒಂದೇ ಕೆಲಸ. ಗಂಟೆಗೆ ನೂರಾರು ತೋಟಾ ತುಂಬುವ ಯಂತ್ರಗಳಿವೆ. ಬೇಟೆಯವನಿಗೆ ಅವು ಬೇಡ. ಹತ್ತು ವರ್ಷದಲ್ಲಿ ಇದರಲ್ಲಿ ಸವೆದದ್ದು, ಮುರಿದದ್ದು ಏನೂ ಇಲ್ಲ. ವರ್ಷಕ್ಕೊಮ್ಮೆ ಎಣ್ಣೆ ಹಾಕುತ್ತೇನೆ, ಅಷ್ಟೆ.

ಕೆಲಸ ಹೀಗೆ ಸಾಗುತ್ತದೆ. ಹಾರಿಸಿದ ಹಿತ್ತಾಳೆ ಕೇಸುಗಳನ್ನು ತಿಕ್ಕಿ ಹೊಳಪಿಸಿ, ತೆಳ್ಳಗೆ ಎಣ್ಣೆ ಸವರಿ, ಡೈ ಎಂಬ ಅಚ್ಚಿಗೆ ಒತ್ತಿ ಮೊದಲಿನ ಅಳತೆಗೆ ತರಬೇಕು. ಹಳೆಯ ಪ್ರೈಮರ್, ಅಂದರೆ ನಮ್ಮ ಕೇಪು, ಅದೇ ಒತ್ತಿನಲ್ಲಿ ಉದುರುತ್ತದೆ. ಪ್ರತಿ ಸಲ ಹಾರಿಸಿದಾಗಲೂ ಹಿತ್ತಾಳೆ ಕತ್ತಿನ ಕಡೆಗೆ ಉದ್ದವಾಗುತ್ತದೆ, ಅದನ್ನು ಅಳೆದು ಕತ್ತರಿಸಬೇಕು. ಕತ್ತಿನ ಅಂಚು ಒಳಗೂ ಹೊರಗೂ ಸವರಿ, ಹೊಸ ಪ್ರೈಮರ್ ಕೂರಿಸಿ, ಮದ್ದು ತೂಗಿ ಹಾಕಿ, ಗುಂಡು ಕೂರಿಸಬೇಕು. ನನಗೆ ಇಷ್ಟವಾದ ಹೊತ್ತು ಮದ್ದು ತೂಗುವಾಗಿನದು. ಲೆಕ್ಕ ಗ್ರೇನ್‌ನಲ್ಲಿ, ಪೌಂಡಿಗೆ 7,000 ಗ್ರೇನ್. ಊರಿನ ಅಕ್ಕಸಾಲಿಗರ ಲೆಕ್ಕದಲ್ಲಿ ಹೇಳುವುದಾದರೆ ಒಂದು ಗ್ರೇನ್ ಒಂದು ಗುಲಗಂಜಿಯ ಅರ್ಧದಷ್ಟು ತೂಗುತ್ತದೆ. ನಾವು ನೋಡುವುದು ಆ ಗ್ರೇನಿನ ಹತ್ತನೇ ಒಂದು ಭಾಗವನ್ನು. ತಕ್ಕಡಿಯ ಮುಳ್ಳು ನಿಲ್ಲುವ ಮೊದಲು ಎರಡು ಕಾಳು ಮದ್ದನ್ನು ಬೆರಳ ತುದಿಯಲ್ಲಿ ಉಜ್ಜಿ ಬೀಳಿಸುವಾಗ ಗ್ಯಾರೇಜಿನ ಫ್ಯಾನ್ ಕೂಡ ಆರಿಸಿರಬೇಕು, ಇಲ್ಲದಿದ್ದರೆ ಮುಳ್ಳು ಅಲುಗುತ್ತದೆ.

ನಾನು ಎಷ್ಟು ಮದ್ದು ಹಾಕುತ್ತೇನೆ ಅಂತ ಇಲ್ಲಿ ಬರೆಯುವುದಿಲ್ಲ, ಕೇಳಿದರೂ ಹೇಳುವುದಿಲ್ಲ. ನನ್ನ ರೈಫಲಿಗೆ ಸರಿಹೋದದ್ದು ನಿಮ್ಮದಕ್ಕೆ ಅಪಾಯವಾಗಬಹುದು. ಮದ್ದಿನ ಕಂಪನಿ ಅಥವಾ ಗುಂಡಿನ ಕಂಪನಿ ಅಚ್ಚು ಹಾಕಿಸಿದ ಮ್ಯಾನ್ಯುಯಲ್ ಕೊಳ್ಳಿ, ಅದರಲ್ಲಿ ಆರಂಭಕ್ಕೆ ಕೊಟ್ಟ ಕಡಿಮೆ ತೂಕದಿಂದ ಶುರು ಮಾಡಿ, ಸ್ವಲ್ಪ ಸ್ವಲ್ಪವೇ ಏರಿಸಿ. ಮೇಜಿನ ಮೇಲೆ ಯಾವ ಕಾಲಕ್ಕೂ ಒಂದೇ ಮದ್ದಿನ ಡಬ್ಬಿ ಇರಲಿ. .30-06ನಲ್ಲಿ ಎಲ್ಕ್ ಗುಂಡಿಗೆ ಬಳಸುವ ನಿಧಾನ ಉರಿಯುವ ಮದ್ದು ಕೇಸನ್ನು ಹೆಚ್ಚುಕಮ್ಮಿ ತುಂಬಿಬಿಡುತ್ತದೆ, ಎರಡು ಸಲ ಹಾಕಿದರೆ ಹೊರಗೆ ಚೆಲ್ಲಿ ತಾನೇ ಎಚ್ಚರಿಸುತ್ತದೆ. ಹೊಸಬರಿಗೆ ಇದು ದೊಡ್ಡ ರಕ್ಷಣೆ. ಮದ್ದೇ ಬೀಳದ ಕೇಸು ಉಳಿದುಹೋಗಬಹುದು, ಅದಕ್ಕೆ ಗುಂಡು ಕೂರಿಸುವ ಮೊದಲು ಟ್ರೇ ಮೇಲೆ ಟಾರ್ಚ್ ಹಿಡಿದು ಐವತ್ತೂ ಕೇಸುಗಳ ಒಳಗೆ ನೋಡುತ್ತೇನೆ. ಮನೆಯಲ್ಲಿ ಯಾರಾದರೂ ಮಾತಾಡಿಸಿದರೆ ಕೈಯಲ್ಲಿರುವ ಕೇಸನ್ನು ಡಬ್ಬಿಗೆ ಸುರಿದು ಮತ್ತೆ ಮೊದಲಿಂದ.

ಒಂದು ವರ್ಷ ಫೆಬ್ರವರಿಯಲ್ಲಿ ಬೇರೆ ಒಂದು ಮದ್ದು ಬಳಸಿ ತೂಕ ನಿರ್ಧರಿಸಿದ್ದೆ. ಚಳಿಯಲ್ಲಿ ಎಲ್ಲ ಸರಿ ಇತ್ತು. ಅದೇ ತೋಟಾವನ್ನು ಆಗಸ್ಟ್‌ನಲ್ಲಿ, ಬಿಸಿಲಲ್ಲಿ ಕಾರಿನಲ್ಲಿದ್ದ ಡಬ್ಬಿಯಿಂದ ತೆಗೆದು ಹಾರಿಸಿದೆ. ಬೋಲ್ಟ್ (ಖಾಲಿ ಕೇಸು ಹೊರತೆಗೆಯುವ ಹಿಡಿ) ಎತ್ತಲು ಅಂಗೈಯಿಂದ ಗುದ್ದಬೇಕಾಯಿತು, ಹೊರಬಂದ ಪ್ರೈಮರ್ ಚಪ್ಪಟೆ. ಶಾಖಕ್ಕೆ ಒತ್ತಡ ಏರಿತ್ತು. ಅಲ್ಲಿಗೇ ನಿಲ್ಲಿಸಿ, ಮನೆಗೆ ಬಂದು ಉಳಿದ ಮೂವತ್ತನಾಲ್ಕನ್ನೂ ಬಿಚ್ಚಿದೆ. ಅಂದಿನಿಂದ ಬಳಸುವುದು ಎಚ್4350. ಆಸ್ಟ್ರೇಲಿಯಾದಲ್ಲಿ ತಯಾರಾಗುವ ಈ ಮದ್ದು ಚಳಿಗೂ ಬಿಸಿಲಿಗೂ ಹೆಚ್ಚು ಬದಲಾಗುವುದಿಲ್ಲ. ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಇಟ್ಟು ಎರಡೂ ಕಾಲದಲ್ಲಿ ನೋಡಿದ್ದೇನೆ, ನಂಬಬಹುದು.

ಗುಂಡಿಗೆ ನಾನು ಹೋದದ್ದು ನಾಸ್ಲರ್ ಪಾರ್ಟಿಷನ್, 180 ಗ್ರೇನ್. ಅದರ ಹಿಂದಿನ ಕತೆ ನನ್ನ ಮೊದಲ ಸೀಸನ್ನಿನ ಕತೆಯೇ. 1946ರಲ್ಲಿ ಜಾನ್ ನಾಸ್ಲರ್ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ (ಎಲ್ಕ್‌ಗಿಂತಲೂ ದೊಡ್ಡ ಜಿಂಕೆ ಜಾತಿ) ಹೊಡೆದಾಗ, ಕೆಸರು ಮೆತ್ತಿದ ಚರ್ಮದ ಮೇಲೆ ಗುಂಡು ಒಳಗಿಳಿಯದೆ ಕೆಟ್ಟಿತು. ಆತ ಊರಿಗೆ ಬಂದು ತಾಮ್ರದ ಕವಚದ ನಡುವೆ ಒಂದು ಗೋಡೆ ಇರುವ ಗುಂಡು ಮಾಡಿದ: ಮುಂದಿನ ಸೀಸ ಅರಳುತ್ತದೆ, ಗೋಡೆಯ ಹಿಂದಿನ ಸೀಸ ಹಾಗೇ ಉಳಿದು ಒಳಕ್ಕೆ ನುಗ್ಗುತ್ತದೆ. 1948ರಿಂದ ಮಾರಾಟದಲ್ಲಿದೆ. ಹತ್ತು ಸೀಸನ್‌ನಲ್ಲಿ ಆರು ಎಲ್ಕ್, ನಾಲ್ಕು ಮ್ಯೂಲ್ ಡಿಯರ್ ಜಿಂಕೆ ಹೊಡೆದಿದ್ದೇನೆ. ಅತಿ ದೂರ ಓಡಿದ್ದು ಎಂಬತ್ತು ಗಜ.

ಖರ್ಚಿನ ಮಾತು. ಹಣ ಉಳಿಯುತ್ತದೆ ಅಂತ ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ. ಒಳ್ಳೆಯ ಗುಂಡಿನ ಅಂಗಡಿ ತೋಟಾ ಈಗ ನನ್ನ ಕಡೆ ಒಂದಕ್ಕೆ ಮೂರು ಡಾಲರ್ ದಾಟಿದೆ, ನನ್ನದು ಎರಡರ ಒಳಗೆ ಆಗುತ್ತದೆ. ಆದರೆ ಪ್ರೆಸ್, ಡೈ, ತಕ್ಕಡಿ, ಅಳತೆಯ ಉಪಕರಣ ಅಂತ ಮೊದಲ ವರ್ಷವೇ ಆರುನೂರು ಡಾಲರ್ ಕೈಬಿಟ್ಟಿತು. ಅಗ್ಗವಾಯಿತಲ್ಲ ಅಂತ ಹೆಚ್ಚು ಹಾರಿಸುತ್ತೀರಿ. 2020ರಿಂದ 2022ರವರೆಗೆ ಪ್ರೈಮರ್ ಬರಗಾಲ ಬಂದಾಗ ನಾನು ಮುಂಚೆ ನಾಲ್ಕು ಸೆಂಟಿಗೆ ತಂದದ್ದು ಹತ್ತು ದಾಟಿತು, ಅದೂ ಸಾಲಿನಲ್ಲಿ ನಿಂತರೆ ಒಬ್ಬರಿಗೆ ಒಂದು ಡಬ್ಬಿ. ಆ ಎರಡು ವರ್ಷ ಅಭ್ಯಾಸ ಅರ್ಧಕ್ಕೆ ಇಳಿಯಿತು.

ಕರಾರುವಾಕ್ಕಿನ ಬಗ್ಗೆ ಕೂಡ ಉತ್ಪ್ರೇಕ್ಷೆ ಬೇಡ. ಅಂಗಡಿ ತೋಟಾ ನನ್ನ ರೈಫಲಿನಲ್ಲಿ 100 ಗಜಕ್ಕೆ ಎರಡು ಇಂಚಿನೊಳಗೆ ಮೂರು ಗುಂಡು ಹಾಕುತ್ತಿತ್ತು, ನನ್ನದು ಒಂದು ಇಂಚಿನಲ್ಲಿ ಹಾಕುತ್ತದೆ. ಎಲ್ಕ್‌ನ ಎದೆಗೂಡು ಒಂದಡಿ ಅಗಲ ಇರುವಾಗ ಆ ಒಂದಿಂಚು ವ್ಯತ್ಯಾಸದಿಂದ ಯಾವ ಬೇಟೆಯೂ ಕೆಟ್ಟದ್ದನ್ನು ನಾನು ಕಂಡಿಲ್ಲ. ನನಗೆ ಸಿಕ್ಕ ನಿಜವಾದ ಲಾಭ ಬೇರೆ: ಬೇಟೆಗೆ ಒಯ್ಯುವ ಅದೇ ತೋಟಾವನ್ನು ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಇನ್ನೂರು ಸಲ ಹಾರಿಸಲು ಸಾಧ್ಯವಾಯಿತು. ಅದೂ ಬೆಂಚಿನ ಮೇಲೆ ಮರಳುಚೀಲ ಇಟ್ಟುಕೊಂಡಲ್ಲ. ಕುಕ್ಕರಗಾಲಲ್ಲಿ ಕೂತು, ಮಂಡಿಯೂರಿ, ಬೆಟ್ಟ ಹತ್ತಿದ ಏದುಸಿರಲ್ಲಿ. ಹತ್ತು ಸಾವಿರ ಅಡಿ ಎತ್ತರದಲ್ಲಿ ಎದೆ ಬಡಿದುಕೊಳ್ಳುವಾಗ ಕೈಗೆ ನೆನಪಿರುವುದು ಆ ಇನ್ನೂರು ಸಲದ ಅಭ್ಯಾಸ. ಆ ಹೊತ್ತಿಗೆ ಕ್ಯಾಲಿಬರ್ ಹೆಸರು ತಲೆಯಲ್ಲೇ ಇರುವುದಿಲ್ಲ.

ಆದ್ದರಿಂದ ವರ್ಷಕ್ಕೆ ಒಂದು ಡಬ್ಬಿ ಹಾರಿಸುವವರು ಪ್ರೆಸ್ ಕೊಳ್ಳಬೇಡಿ. .308 ಅಥವಾ .30-06 ತಗೊಂಡು, ಒಳ್ಳೆಯ ಗುಂಡಿನ ಅಂಗಡಿ ತೋಟಾ ಎರಡು ಡಬ್ಬಿ ತಂದು ಸೀಸನ್‌ಗೆ ಮುಂಚೆ ಒಂದನ್ನು ಪೂರ್ತಿ ಖಾಲಿ ಮಾಡಿ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಮದ್ದು, ಪ್ರೈಮರ್ ಬೇರೆ ಬೇರೆ ಬೀಗದ ಕಪಾಟಿನಲ್ಲಿಡಲು ಜಾಗ ಇಲ್ಲದವರೂ ಬೇಡ. ಸುಸ್ತಾದಾಗ ಕೂರುವ ಕೆಲಸವಂತೂ ಇದು ಅಲ್ಲವೇ ಅಲ್ಲ.

ಎರಡು ವರ್ಷದಿಂದ ಒಂದು ಬದಲಾವಣೆ ಮನಸ್ಸಿನಲ್ಲಿದೆ. ಸೀಸದ ಗುಂಡಿನ ಸಣ್ಣ ಚೂರುಗಳು ಮಾಂಸದಲ್ಲೂ, ಕಾಡಿನಲ್ಲಿ ಬಿಟ್ಟುಬಂದ ಕರುಳಿನಲ್ಲೂ ಉಳಿಯುತ್ತವೆ. ಅದನ್ನು ತಿಂದ ಕಾಂಡೋರ್ ರಣಹದ್ದುಗಳು ಸಾಯುತ್ತವೆ. ಕ್ಯಾಲಿಫೋರ್ನಿಯಾ 2019ರ ಜುಲೈ 1ರಿಂದ ಎಲ್ಲ ಬೇಟೆಗೂ ಸೀಸದ ಗುಂಡು ನಿಷೇಧಿಸಿದೆ. ಇಲ್ಲಿ ಆ ಕಾನೂನಿಲ್ಲ, ಆದರೆ ಆ ಎಲ್ಕ್ ಮಾಂಸದ ಸಾರನ್ನು ನನ್ನ ಮಗಳೂ ಉಣ್ಣುತ್ತಾಳೆ. ಹಾಗಾಗಿ ಈ ಬೇಸಿಗೆಯಲ್ಲಿ ಪೂರ್ತಿ ತಾಮ್ರದ 168 ಗ್ರೇನ್ ಗುಂಡಿಗೆ ಮೊದಲಿಂದ ಮದ್ದಿನ ತೂಕ ಹುಡುಕುತ್ತಿದ್ದೇನೆ. ತಾಮ್ರ ಸೀಸಕ್ಕಿಂತ ಹಗುರ, ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ, ಕೇಸಿನೊಳಗೆ ಜಾಗ ತಿನ್ನುತ್ತದೆ, ಹಳೆಯ ಲೆಕ್ಕ ಒಂದೂ ನಡೆಯುವುದಿಲ್ಲ. ಮೂರು ಶನಿವಾರ ರೇಂಜಿನಲ್ಲಿ ಕಳೆದಿದ್ದೇನೆ. ನಿನ್ನೆ ಮೂರು ಗುಂಡು ಒಂದೂಕಾಲು ಇಂಚಿನಲ್ಲಿ ಕೂತವು. ನಲವತ್ತು ತೋಟಾ ತುಂಬಿ, ಡಬ್ಬಿಯ ಮೇಲೆ ತಾರೀಖು ಬರೆದು, ಚಿಕ್ಕಪ್ಪನಿಗೆ ಫೋಟೋ ಕಳಿಸಿದೆ. "ಮದ್ದು ತೂಗಿದ್ದು ಯಾರು?" ಅಂತ ಕೇಳಿದರು. ನಾನೇ, ಅಂದೆ.